ಔದಾಳ ಊರು ಯಾವುದು?

ಪ್ರೇಮಕ್ಕೂ ಪ್ರವಾಸಕ್ಕೂ ಅದೇನು ನಂಟೋ ಗೊತ್ತಿಲ್ಲ, ಸಿನಿಮಾದವರು ಮಾತ್ರ ಇವೆರಡನ್ನೂ ಒಂದೇ ನೊಗಕ್ಕೆ ಹೂಡಿ ಬಹಳ ವರ್ಷಗಳಿಂದ ಉತ್ತು ಬಿತ್ತಿ ಫಸಲು ತೆಗೆಯುತ್ತಿದ್ದಾರೆ. 1966ರಲ್ಲಿ 'ಲವ್ ಇನ್ ಟೋಕಿಯೋ' ಬಂತು, ಅದರ ಮರುವರ್ಷ 'ಆನ್ ಈವನಿಂಗ್ ಇನ್ ಪ್ಯಾರಿಸ್'. ನಮ್ಮ ಕನ್ನಡದವರೇನು ಕಡಿಮೆ? 1978ರಲ್ಲಿ ವಿಷ್ಣುವರ್ಧನ್ ಮತ್ತು ದ್ವಾರಕೀಶ್ 'ಸಿಂಗಾಪುರದಲ್ಲಿ ರಾಜಾಕುಳ್ಳ' ಅಂತ ಸಮುದ್ರ ದಾಟಿಯೇಬಿಟ್ಟರು. ಹಳೆಯ ಪ್ರೇಮದ ಮುಂದೆ ಹೊಸ ಊರನ್ನು ಇಟ್ಟರೆ ಪ್ರೇಮವೂ ಹೊಸದಾಗಿ ಕಾಣುತ್ತದೆ ಎನ್ನುವುದು ಈ ವ್ಯಾಪಾರದ ಗುಟ್ಟು. ಅಂಗಡಿಯವನು ಹಳೇ ಸೀರೆಯನ್ನು ಹೊಸ ಲೈಟಿನ ಕೆಳಗೆ ಬಿಡಿಸಿ ತೋರಿಸುತ್ತಾನಲ್ಲ, ಹಾಗೆ.

ಈ ಜಾತಿಯ ಕತೆಗಳಿಗೆಲ್ಲ ಅಜ್ಜ ಅನ್ನಬಹುದಾದ ಒಂದು ಕತೆ ಇದೆ. ಫ್ರೆಂಚ್ ಲೇಖಕ ಜೂಲ್ಸ್ ವರ್ನ್ 1872ರ ಕೊನೆಯಲ್ಲಿ ಪ್ಯಾರಿಸ್ಸಿನ ಒಂದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದು, 1873ರಲ್ಲಿ ಪುಸ್ತಕವಾಗಿ ತಂದ 'ಎಂಬತ್ತು ದಿನಗಳಲ್ಲಿ ವಿಶ್ವ ಪರ್ಯಟನೆ'. ಶಾಲೆಯಲ್ಲಿ ಇದರ ಸಂಕ್ಷಿಪ್ತ ರೂಪವನ್ನು ಓದಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಪಂದ್ಯ ನೆನಪಿರುತ್ತದೆ, ಆನೆ ನೆನಪಿರುತ್ತದೆ, ಕೊನೆಗೆ ಉಳಿದ ಒಂದು ದಿನ ನೆನಪಿರುತ್ತದೆ. ಅದರಲ್ಲಿ ಒಂದು ಪ್ರೇಮಕತೆ ಇತ್ತು ಎನ್ನುವುದು ಅನೇಕರಿಗೆ ಮರೆತಿರುತ್ತದೆ. ಅದನ್ನು ನೆನಪಿಸಲಿಕ್ಕೆ ಅಮೆರಿಕದ ಟೆಲಿವಿಷನ್ ಬೇಕಾಯಿತು. 1989ರಲ್ಲಿ ಎನ್.ಬಿ.ಸಿ. ಚಾನೆಲ್ಲು ಮೂರು ಕಂತುಗಳಲ್ಲಿ ತೋರಿಸಿದ, ಬಜ್ ಕುಲಿಕ್ ನಿರ್ದೇಶನದ ಟಿ.ವಿ. ಚಿತ್ರದ ಬಗ್ಗೆಯೇ ನಾನು ಇಲ್ಲಿ ಬರೆಯಹೊರಟಿದ್ದು. ಒಟ್ಟು ನಾಲ್ಕು ತಾಸಿಗೂ ಮಿಕ್ಕಿದ ಚಿತ್ರ. ಮಗ ಅದರ ಹಳೇ ಡಿ.ವಿ.ಡಿ. ತಂದುಕೊಟ್ಟಿದ್ದ. ಡೊಂಬಿವಲಿಯ ನಮ್ಮ ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಮೂರು ರಾತ್ರಿ ಕೂತು ನೋಡಿದೆವು.

ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಲಂಡನ್ನಿನ ಫಿಲಿಯಾಸ್ ಫಾಗ್ ಒಬ್ಬ ಒಂಟಿ ಶ್ರೀಮಂತ, ಗಡಿಯಾರದಂಥ ಮನುಷ್ಯ. ರಿಫಾರ್ಮ್ ಕ್ಲಬ್ಬಿನಲ್ಲಿ ಇಸ್ಪೀಟು ಆಡುತ್ತಾ, ಎಂಬತ್ತು ದಿನದಲ್ಲಿ ಭೂಮಿ ಸುತ್ತಿ ಬರುತ್ತೇನೆ ಅಂತ ಇಪ್ಪತ್ತು ಸಾವಿರ ಪೌಂಡು ಪಂದ್ಯ ಕಟ್ಟುತ್ತಾನೆ. 1872ರ ಅಕ್ಟೋಬರ್ 2ರ ರಾತ್ರಿ ತನ್ನ ಹೊಸ ಆಳು ಪಾಸ್‌ಪಾರ್ಟೂನನ್ನು ಕರೆದುಕೊಂಡು ಹೊರಟೇಬಿಡುತ್ತಾನೆ. ಅದೇ ವೇಳೆಗೆ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ 55,000 ಪೌಂಡಿನ ಕಳವಾಗಿರುತ್ತದೆ. ಕಳ್ಳ ಇವನೇ ಅಂತ ಫಿಕ್ಸ್ ಎಂಬ ಪತ್ತೇದಾರ ಬೆನ್ನು ಹತ್ತುತ್ತಾನೆ. ದಾರಿಯಲ್ಲಿ, ನಮ್ಮ ಭಾರತದಲ್ಲಿ, ಸತ್ತ ಮುದಿ ರಾಜನ ಚಿತೆಗೆ ಏರಿಸಲು ಒಯ್ಯುತ್ತಿದ್ದ ಔದಾ ಎಂಬ ಎಳೆಯ ವಿಧವೆಯನ್ನು ಇವರು ಬಿಡಿಸಿಕೊಂಡು ಬರುತ್ತಾರೆ. ಮುಂದೆ ಅವಳೂ ಜತೆಗೆ. ಕೊನೆಗೆ ಮದುವೆ.

ಈ ಪುಸ್ತಕ ಬಂದ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. 1869ರ ಮೇ ತಿಂಗಳಲ್ಲಿ ಅಮೆರಿಕದ ಒಂದು ತುದಿಯಿಂದ ಇನ್ನೊಂದು ತುದಿಗೆ ರೈಲು ಕೂಡಿತು. ಅದೇ ವರ್ಷ ನವೆಂಬರಿನಲ್ಲಿ ಸೂಯೆಜ್ ಕಾಲುವೆ ತೆರೆಯಿತು. 1870ರ ಮಾರ್ಚಿನಲ್ಲಿ ಜಬಲ್ಪುರದ ಹತ್ತಿರ ಎರಡು ಕಡೆಯ ಹಳಿಗಳು ಕೂಡಿ ಬೊಂಬಾಯಿ-ಕಲಕತ್ತಾ ರೈಲು ದಾರಿ ಪೂರ್ತಿಯಾಯಿತು. ಈ ಮೂರು ಕೀಲಿ ಒಟ್ಟಿಗೆ ತಿರುಗಿದ್ದರಿಂದಲೇ ಫಾಗನ ವೇಳಾಪಟ್ಟಿ ಸಾಧ್ಯವಾದದ್ದು. ಲಂಡನ್ನಿಂದ ಸೂಯೆಜ್‌ಗೆ 7 ದಿನ, ಅಲ್ಲಿಂದ ಬೊಂಬಾಯಿಗೆ 13, ಬೊಂಬಾಯಿಯಿಂದ ಕಲಕತ್ತಾಕ್ಕೆ 3, ಅಲ್ಲಿಂದ ಹಾಂಕಾಂಗ್‌ಗೆ 13, ಯೊಕೊಹಾಮಾಕ್ಕೆ 6, ಸ್ಯಾನ್ ಫ್ರಾನ್ಸಿಸ್ಕೋಗೆ 22, ನ್ಯೂಯಾರ್ಕಿಗೆ 7, ಮರಳಿ ಲಂಡನ್ನಿಗೆ 9. ಕೂಡಿಸಿ ನೋಡಿ, ಸರಿಯಾಗಿ 80. ನಮ್ಮ ದೇಶದೊಳಗೆ ಮಾತ್ರ ವರ್ನ್ ಬೇಕಂತಲೇ ಲೆಕ್ಕ ತಪ್ಪಿಸಿದ್ದಾನೆ. ಹಳಿ ಆಗಲೇ ಕೂಡಿ ಎರಡು ವರ್ಷವಾಗಿದ್ದರೂ, ಅಲಹಾಬಾದಿನ ಈಚೆ ರೈಲು ನಿಂತುಹೋಯಿತು, ಮುಂದೆ ಹಳಿಯಿಲ್ಲ ಎನ್ನುತ್ತಾನೆ. ಹಳಿ ಇದ್ದುಬಿಟ್ಟರೆ ಆನೆ ಬೇಡ, ಆನೆ ಇಲ್ಲದಿದ್ದರೆ ಕಾಡು ಇಲ್ಲ, ಕಾಡು ಇಲ್ಲದಿದ್ದರೆ ಔದಾ ಸಿಗುವುದಿಲ್ಲ. ಅಂದರೆ ಈ ಕತೆಯ ಪ್ರೇಮ ಹುಟ್ಟಿದ್ದೇ ಒಂದು ಇಲ್ಲದ ರೈಲಿನಿಂದ, ಅಲ್ಲ, ಇದ್ದೂ ಇಲ್ಲವೆನಿಸಿದ ರೈಲಿನಿಂದ.

ಇನ್ನು ಟಿ.ವಿ. ಚಿತ್ರಕ್ಕೆ ಬರೋಣ. ಫಾಗನ ಪಾತ್ರದಲ್ಲಿ ಪಿಯರ್ಸ್ ಬ್ರಾಸ್ನನ್. ಆಗಿನ್ನೂ ಅವನು ಜೇಮ್ಸ್ ಬಾಂಡ್ ಆಗಿರಲಿಲ್ಲ, ಅದು 1995ರ ಮಾತು. ಪಾಸ್‌ಪಾರ್ಟೂ ಆಗಿ ಎರಿಕ್ ಐಡಲ್, ಫಿಕ್ಸ್ ಆಗಿ ಪೀಟರ್ ಉಸ್ತಿನೋವ್, ಔದಾ ಆಗಿ ಸಿಂಗಾಪುರದಲ್ಲಿ ಹುಟ್ಟಿದ ಜೂಲಿಯಾ ನಿಕ್ಸನ್. ಮೊದಲು ಒಳ್ಳೆಯದನ್ನು ಹೇಳಿಬಿಡುವುದು ವಿಮರ್ಶೆಯ ಧರ್ಮ. ಉಸ್ತಿನೋವ್ ಎಂಥ ನಟ! ಆ ದಪ್ಪ ದೇಹವನ್ನು ಹೊತ್ತುಕೊಂಡು, ಅನುಮಾನವನ್ನೂ ಹೊತ್ತುಕೊಂಡು ಭೂಮಿಯ ಸುತ್ತ ಏದುಸಿರು ಬಿಡುತ್ತ ಬರುವಾಗ ನಮ್ಮ ಇನ್‌ಸ್ಪೆಕ್ಷನ್ ಡಿಪಾರ್ಟ್‌ಮೆಂಟಿನ ಕೆಲವರು ನನಗೆ ನೆನಪಾದರು. ತಪ್ಪು ಇದ್ದೇ ಇರಬೇಕು, ಸಿಕ್ಕೇ ಸಿಗುತ್ತದೆ ಎನ್ನುವ ನಂಬಿಕೆಯಲ್ಲಿ ಊಟ ನಿದ್ದೆ ಬಿಟ್ಟವರು ಅವರು. ಬ್ರಾಸ್ನನ್ ಕೂಡ ಕಾಲರಿನ ಗುಂಡಿ ಬಿಚ್ಚದೆಯೇ ಒಳಗೊಳಗೆ ಕರಗುವುದನ್ನು ಚೆನ್ನಾಗಿ ತೋರಿಸಿದ್ದಾನೆ. ಚಿತ್ರ ಉದ್ದವಾದ್ದರಿಂದ ಇಬ್ಬರಿಗೂ ಮಾತಾಡಲಿಕ್ಕೆ ಪುರಸೊತ್ತು ಸಿಕ್ಕಿದೆ. 1956ರ ಪ್ರಸಿದ್ಧ ಸಿನಿಮಾದಲ್ಲಿ, ಅಂದರೆ ಡೇವಿಡ್ ನಿವೆನ್ ನಟಿಸಿದ, ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದ ಆ ಭಾರೀ ಚಿತ್ರದಲ್ಲಿ, ಅಮೆರಿಕದ ಶರ್ಲಿ ಮೆಕ್ಲೇನ್ ಬಣ್ಣ ಬಳಿದುಕೊಂಡು ಔದಾ ಆಗಿದ್ದಳು. ಗೊಂಬೆ ಹಬ್ಬದ ಗೊಂಬೆ ಹಾಗೆ. 1989ರ ಔದಾಳಿಗೆ ಕನಿಷ್ಠ ಪಕ್ಷ ಬಾಯಿ ಇದೆ, ಎದುರು ಮಾತಾಡುತ್ತಾಳೆ, ನಗುತ್ತಾಳೆ.

ದೋಷಗಳೂ ಇವೆ. ಟಿ.ವಿ. ಅಂದಮೇಲೆ ನಡುನಡುವೆ ಜಾಹೀರಾತು ಬರಬೇಕು. ಜಾಹೀರಾತಿಗೆ ಮುಂಚೆ ಯಾರಾದರೂ ಅಪಾಯದಲ್ಲಿ ಸಿಕ್ಕಿಬೀಳಬೇಕು, ಜಾಹೀರಾತು ಮುಗಿದಮೇಲೆ ಪಾರಾಗಬೇಕು. ಹೀಗಾಗಿ ಪುಸ್ತಕದಲ್ಲಿ ಇಲ್ಲದ ಬಲೂನು ಇಲ್ಲಿ ಹಾರುತ್ತದೆ. ಈ ಬಲೂನನ್ನು ಮೊದಲು ತಂದವರು 1956ರ ಸಿನಿಮಾದವರು, ಆಮೇಲೆ ಯಾರಿಗೂ ಅದನ್ನು ಬಿಡಲಿಕ್ಕೆ ಮನಸ್ಸಾಗಲಿಲ್ಲ. ಜತೆಗೆ ಆ ಕಾಲದ ದೊಡ್ಡ ಮನುಷ್ಯರ ಮೆರವಣಿಗೆ: ನಟಿ ಸಾರಾ ಬರ್ನ್‌ಹಾರ್ಟ್, ದರೋಡೆಕೋರ ಜೆಸ್ಸಿ ಜೇಮ್ಸ್, ಕೊನೆಗೆ ವಿಕ್ಟೋರಿಯಾ ರಾಣಿ. ಮದುವೆ ಮನೆಗೆ ಮಂತ್ರಿಗಳು ಬಂದು ಫೋಟೋ ತೆಗೆಸಿಕೊಂಡು ಹೋಗುತ್ತಾರಲ್ಲ, ಅಷ್ಟೇ ಅವರ ಕೆಲಸ. ಒಂದೊಂದು ದೇಶವೂ ಒಂದೊಂದು ಪಿಕ್ಚರ್ ಪೋಸ್ಟ್‌ಕಾರ್ಡು. ಭಾರತ ಅಂದರೆ ಆನೆ, ಗುಡಿ, ಕಾಡು, ಚಿತೆ. ಇದು ಟಿ.ವಿ.ಯವರ ತಪ್ಪು ಮಾತ್ರವಲ್ಲ. ಮೂಲದ ಫಾಗನೇ ಅಂಥವನು. ಬೊಂಬಾಯಿಗೆ ಅಕ್ಟೋಬರ್ 20ರ ಸಂಜೆ ನಾಲ್ಕೂವರೆಗೆ ಹಡಗಿನಿಂದ ಇಳಿದು, ಎಂಟಕ್ಕೆ ರೈಲು ಹಿಡಿಯುತ್ತಾನೆ. ನಡುವಿನ ಮೂರೂವರೆ ತಾಸಿನಲ್ಲಿ ಊರು ನೋಡದೆ ಸ್ಟೇಶನ್ನಿನಲ್ಲಿ ಊಟಕ್ಕೆ ಕೂರುತ್ತಾನೆ. ಆಳು ಮಾತ್ರ ಮಲಬಾರ್ ಹಿಲ್ಲಿನ ದೇವಸ್ಥಾನಕ್ಕೆ ಬೂಟು ಹಾಕಿಕೊಂಡೇ ನುಗ್ಗಿ, ಏಟು ತಿಂದು, ಬೂಟು ಕಳೆದುಕೊಂಡು ಬರುತ್ತಾನೆ. ನಾನೂ ಆಡಿಟ್ಟಿಗೆಂದು ಹತ್ತಾರು ಊರು ತಿರುಗಿದವನು. ಬಸ್ ಸ್ಟ್ಯಾಂಡು, ಲಾಡ್ಜು, ಬ್ರ್ಯಾಂಚು, ಮತ್ತೆ ಬಸ್ ಸ್ಟ್ಯಾಂಡು. ಆದ್ದರಿಂದ ಫಾಗನನ್ನು ಕಂಡರೆ ನನಗೆ ನಗು ಬರುವುದಿಲ್ಲ, ಗುರುತು ಹತ್ತುತ್ತದೆ.

ನಾನು ಎಂ.ಕಾಂ. ಓದಿ ಬ್ಯಾಂಕಿನಲ್ಲಿ ಜೀವ ತೇಯ್ದವನಾದ್ದರಿಂದ ಈ ಕತೆಯ ಲೆಕ್ಕದ ಭಾಗವನ್ನು ಬಿಟ್ಟು ಮುಂದಕ್ಕೆ ಹೋಗಲಾರೆ. ಟಿ.ವಿ.ಯವರು ಅತ್ಯಂತ ಹಗುರಾಗಿ ದಾಟಿಸಿಬಿಟ್ಟದ್ದೂ ಇದನ್ನೇ. ಮೊದಲು ಆ ಕಳವು. ವರ್ನ್ ಹೇಳುವ ಪ್ರಕಾರ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಗಿರಾಕಿಗಳ ಮೇಲೆ ಎಷ್ಟು ನಂಬಿಕೆಯೆಂದರೆ, ಕ್ಯಾಶಿಯರನ ಮೇಜಿನ ಮೇಲಿದ್ದ ಚಿನ್ನದ ಗಟ್ಟಿಯೊಂದು ಕೈಯಿಂದ ಕೈಗೆ ದಾಟುತ್ತ ಕತ್ತಲೆ ಓಣಿಯೊಂದರ ತುದಿಯವರೆಗೂ ಹೋಗಿ, ಅರ್ಧ ತಾಸಿನ ಮೇಲೆ ಮರಳಿ ಬಂತಂತೆ. ಕ್ಯಾಶಿಯರ್ ತಲೆಯೆತ್ತಿ ಸಹ ನೋಡಲಿಲ್ಲವಂತೆ. ಹಾಗಿದ್ದಮೇಲೆ ನೋಟಿನ ಕಟ್ಟು ಹೋದದ್ದರಲ್ಲಿ ಆಶ್ಚರ್ಯವೇನು? ಒಂದು ಕೀಲಿ ಕ್ಯಾಶಿಯರನ ಹತ್ತಿರ, ಇನ್ನೊಂದು ಆಫೀಸರನ ಹತ್ತಿರ, ಇಬ್ಬರೂ ಬಂದರೇ ತಿಜೋರಿ ತೆರೆಯಬೇಕು ಎನ್ನುವ ನಮ್ಮ ನಿಯಮದ ಬೆಲೆ ಇಂಥ ಕತೆ ಓದಿದಾಗ ತಿಳಿಯುತ್ತದೆ.

ಆಮೇಲೆ ಪಂದ್ಯದ ಲೆಕ್ಕ. ಫಾಗನ ಒಟ್ಟು ಆಸ್ತಿ 40,000 ಪೌಂಡು. ಅರ್ಧ ಪಂದ್ಯಕ್ಕೆ, ಉಳಿದರ್ಧ ಚೀಲದಲ್ಲಿ, ದಾರಿ ಖರ್ಚಿಗೆ. ಆನೆಗೆ 2,000 ಪೌಂಡು ಕೊಟ್ಟ, ಕೊನೆಗೆ ಆ ಆನೆಯನ್ನು ಮಾವುತನಿಗೇ ಉಡುಗೊರೆ ಕೊಟ್ಟ. ಬೂಟಿನ ಪ್ರಕರಣ ಕಲಕತ್ತಾದ ಕೋರ್ಟಿಗೆ ಬಂದಾಗ ಇಬ್ಬರ ಜಾಮೀನಿಗೆ 2,000 ಕಟ್ಟಿದ. ಅಟ್ಲಾಂಟಿಕ್ ದಾಟುವಾಗ ಕಲ್ಲಿದ್ದಲು ತೀರಿತು ಅಂತ ಹಡಗನ್ನೇ 60,000 ಡಾಲರಿಗೆ ಕೊಂಡು ಅದರ ಮರವನ್ನೆಲ್ಲ ಒಲೆಗೆ ಹಾಕಿಸಿದ. ಒಟ್ಟು ಖರ್ಚು ಹತ್ತಿರ ಹತ್ತಿರ 19,000. ಗೆದ್ದದ್ದು 20,000. ಉಳಿದ ಸಾವಿರವನ್ನು ಆಳಿಗೂ, ತನ್ನನ್ನು ಕಾಡಿದ ಪತ್ತೇದಾರನಿಗೂ ಹಂಚಿಬಿಟ್ಟ. ಆದರೆ ಹೊರಡುವ ಗಡಿಬಿಡಿಯಲ್ಲಿ ಆಳು ತನ್ನ ಕೋಣೆಯ ಗ್ಯಾಸ್ ದೀಪ ಆರಿಸುವುದನ್ನು ಮರೆತಿದ್ದನಲ್ಲ, ಆ 1,920 ತಾಸಿನ ಗ್ಯಾಸಿನ ಹಣವನ್ನು ಅವನ ಪಾಲಿನಿಂದ ಮುರಿದುಕೊಂಡ! ಎಂಬತ್ತನ್ನು ಇಪ್ಪತ್ತನಾಲ್ಕರಿಂದ ಗುಣಿಸಿ ನೋಡಿ, ಲೆಕ್ಕ ಪಕ್ಕಾ. ಹಡಗು ಸುಟ್ಟವನು ಗ್ಯಾಸಿನ ಬಿಲ್ಲು ಬಿಡಲಿಲ್ಲ. ಇಂಥವನು ಬ್ಯಾಂಕ್ ಮ್ಯಾನೇಜರ್ ಆಗಬೇಕಿತ್ತು.

ಲಾಭ-ನಷ್ಟದ ಖಾತೆ ಹೀಗೆ ಸೊನ್ನೆಗೆ ಬಂದು ನಿಂತಮೇಲೆ, ಇಷ್ಟೆಲ್ಲ ಸುತ್ತಿ ಇವನಿಗೆ ದಕ್ಕಿದ್ದೇನು ಅಂತ ವರ್ನ್ ಕೇಳುತ್ತಾನೆ. ಒಬ್ಬ ಒಳ್ಳೆಯ ಹೆಂಡತಿ, ಅಷ್ಟೇ ಎನ್ನುತ್ತಾನೆ. ಇದೇ ಆ ಪುಸ್ತಕದ ಪ್ರೇಮ. ಅಲ್ಲಿ ಹಾಡಿಲ್ಲ, ಕಣ್ಣೀರಿಲ್ಲ, ಚಂದ್ರನಿಲ್ಲ. ಚಿತೆಯ ಮೆರವಣಿಗೆ ಕಂಡಾಗ ಫಾಗ್ ಮಾಡುವುದು ಒಂದೇ ಒಂದು ಕೂಡು-ಕಳೆ: ನನ್ನ ಹತ್ತಿರ ಹನ್ನೆರಡು ತಾಸು ಉಳಿತಾಯವಾಗಿದೆ, ಅದನ್ನು ಈಕೆಗಾಗಿ ಖರ್ಚು ಮಾಡಬಹುದು. ವೇಳೆಯೇ ಆಸ್ತಿಯಾದವನು ವೇಳೆಯನ್ನು ಕೊಡುತ್ತಾನೆ. ನನ್ನ ಮಟ್ಟಿಗೆ ಇದಕ್ಕಿಂತ ಮಿಗಿಲಾದ ಪ್ರೇಮ ನಿವೇದನೆ ಬೇಕಿಲ್ಲ. ಟಿ.ವಿ. ಚಿತ್ರ ಈ ಉಳಿತಾಯದ ಲೆಕ್ಕವನ್ನು ಸಡಿಲ ಬಿಟ್ಟದ್ದರಿಂದ ಪ್ರೇಮಕ್ಕಾಗಿ ನೋಟಗಳನ್ನು, ಹಿನ್ನೆಲೆ ಸಂಗೀತವನ್ನು ತುಂಬಬೇಕಾಯಿತು. ನೋಟ ಚೆನ್ನಾಗಿವೆ. ಆದರೆ ಯಾರು ಯಾರಿಗೆ ಏನು ಕೊಟ್ಟರು ಎನ್ನುವುದು ಮಸುಕಾಯಿತು.

ಎರಡನೆಯ ರಾತ್ರಿ ಇಷ್ಟರಮಟ್ಟಿಗೆ ನೋಡಿ ನಿಲ್ಲಿಸಿದಾಗ, ಪುಸ್ತಕದಲ್ಲಿ ಔದಾ ರಾಜಕುಮಾರಿಯಾಗಿ ಹುಟ್ಟಿದವಳಲ್ಲ, ಬೊಂಬಾಯಿಯ ಒಬ್ಬ ಪಾರ್ಸಿ ವ್ಯಾಪಾರಿಯ ಮಗಳು ಅಂತ ನನ್ನ ಹೆಂಡತಿಗೆ ಹೇಳಿದೆ. ತಬ್ಬಲಿಯಾದ ಹುಡುಗಿ. ಇಂಗ್ಲಿಷು ಕಲಿತವಳು. ಮನಸ್ಸಿಲ್ಲದಿದ್ದರೂ ಬುಂದೇಲಖಂಡದ ಮುದಿ ರಾಜನಿಗೆ ಕೊಟ್ಟರು, ಮೂರು ತಿಂಗಳಿಗೆ ವಿಧವೆಯಾದಳು. ನಮ್ಮಾಕೆ ಧಾರವಾಡದ ಮಾಳಮಡ್ಡಿಯವಳು. ಮಾತು ನೆಟ್ಟಗೆ. "ಅಲ್ರೀ, ಆ ಹುಡುಗಿ ಊರು ಬೊಂಬಾಯಿ ಅಂದ್ರ, ಆಕೀನ್ನ ಉಳಿಸಿದಾವ ತಿರುಗಿ ಆಕಿ ಊರಿಗೆ ಮುಟ್ಟಿಸೂದು ಬಿಟ್ಟು ಕಲಕತ್ತಾಕ್ಕ ಯಾಕ ಕರ್ಕೊಂಡು ಹೊಂಟಾನ?" ಎಂದಳು. ಅವನಿಗೆ ಪೂರ್ವಕ್ಕೇ ಹೋಗಬೇಕಿತ್ತಲ್ಲ, ಪಂದ್ಯ ಇತ್ತಲ್ಲ ಅಂದೆ. "ಹಂಗಂದ್ರ ಆಕಿ ದಾರಿ ಅವನ ಪಂದ್ಯದ ದಾರಿ ಆತು, ಹೌದಿಲ್ಲೋ?" ಎಂದು ಎದ್ದು ಹಾಲಿಗೆ ಹೆಪ್ಪು ಹಾಕಲು ಹೋದಳು.

ನೂರೈವತ್ತು ವರ್ಷದಲ್ಲಿ ಈ ಕತೆಯನ್ನು ಸಿನಿಮಾ, ನಾಟಕ, ಟಿ.ವಿ. ಮಾಡಿದವರು ಯಾರೂ ಸರಿಯಾಗಿ ಕೇಳದ ಪ್ರಶ್ನೆ ಅದು. ವರ್ನ್ ಒಂದು ಉತ್ತರ ಕೊಟ್ಟಿದ್ದಾನೆ: ಭಾರತದಲ್ಲಿ ಎಲ್ಲಿದ್ದರೂ ಆ ಜನ ಅವಳನ್ನು ಬಿಡುವುದಿಲ್ಲ, ದೇಶ ಬಿಟ್ಟರೇ ಜೀವ ಉಳಿಯುತ್ತದೆ. ಸರಿ, ಅಪಾಯ ಇತ್ತೆಂದೇ ಇಟ್ಟುಕೊಳ್ಳೋಣ. ಹಾಂಕಾಂಗಿನಲ್ಲಿ ಅವಳ ಬಂಧುವೊಬ್ಬ ದೊಡ್ಡ ವ್ಯಾಪಾರಿ ಇದ್ದಾನೆ, ಅವನು ಸರ್ ಜಮಶೇಟ್ಜಿ ಜೀಜೀಭಾಯ್ ಅವರ ಸಂಬಂಧಿ ಎನ್ನುತ್ತದೆ ಪುಸ್ತಕ. ಅಲ್ಲಿಗೆ ಮುಟ್ಟಿಸುವುದು ಅಂತ ಆಯಿತು. ಹಾಂಕಾಂಗ್ ಮುಟ್ಟಿ ವಿಚಾರಿಸಿದರೆ ಆ ಬಂಧು ಎರಡು ವರ್ಷದ ಹಿಂದೆಯೇ ಊರು ಬಿಟ್ಟಿದ್ದಾನೆ. ಯುರೋಪಿಗೆ ಹೋದ, ಬಹುಶಃ ಹಾಲೆಂಡಿನಲ್ಲಿ ಇರಬೇಕು ಅಂತ ಸುದ್ದಿ. ಈಗೇನು ಮಾಡಲಿ ಅಂತ ಅವಳು ಕೇಳಿದಾಗ ಫಾಗ್ ಹೇಳುವುದು ಇಷ್ಟೇ: ಸುಲಭ, ಯುರೋಪಿಗೆ ನಡೆಯಿರಿ. ಅವನಿಗೆ ಎಲ್ಲವೂ ಸುಲಭ. ಅವನ ವೇಳಾಪಟ್ಟಿಯ ಕೊನೆಯ ಸಾಲು ಮೊದಲನೆಯ ಸಾಲಿನಲ್ಲೇ ಇದೆ, ಲಂಡನ್. ಅವನು ಎಷ್ಟು ದೂರ ಹೋದರೂ ಮನೆಯ ಕಡೆಗೇ ಹೋಗುತ್ತಿರುತ್ತಾನೆ. ಅವಳು ಒಂದೊಂದು ಹೆಜ್ಜೆ ಇಟ್ಟ ಹಾಗೆಲ್ಲ ಮನೆಯಿಂದ ದೂರವಾಗುತ್ತಾಳೆ. ಒಂದೇ ಹಡಗು, ಒಂದೇ ಡೆಕ್ಕು, ಒಂದೇ ಸಮುದ್ರ. ಒಬ್ಬನಿಗೆ ಪ್ರವಾಸ, ಒಬ್ಬಳಿಗೆ ವಲಸೆ.

ಬೊಂಬಾಯಿಯ ಪಾರ್ಸಿಗಳ ನಡುವೆ ಬದುಕಿದವರಿಗೆ ಔದಾ ಎನ್ನುವ ಹೆಸರು ವಿಚಿತ್ರವಾಗಿ ಕೇಳಿಸುತ್ತದೆ. ಅವರಲ್ಲಿ ಸತಿ ಪದ್ಧತಿಯೂ ಇಲ್ಲ, ಚಿತೆಯೂ ಇಲ್ಲ. ಆದರೆ ಆವಾಬಾಯಿ ಎನ್ನುವ ಹೆಸರು ಇದೆ. ಮೇಲೆ ಹೇಳಿದ ಜಮಶೇಟ್ಜಿಯವರ ಪತ್ನಿ ಆವಾಬಾಯಿ 1,57,000 ರೂಪಾಯಿ ಕೊಟ್ಟು ಮಾಹಿಮ್ ಮತ್ತು ಬಾಂದ್ರಾ ನಡುವಿನ ಖಾಡಿಗೆ ಅಡ್ಡ ರಸ್ತೆ ಕಟ್ಟಿಸಿದರು. 1845ರಲ್ಲಿ ತೆರೆದ ಆ ಮಾಹಿಮ್ ಕಾಜ್‌ವೇ ಇವತ್ತಿಗೂ ಇದೆ. ಈಚೆಯ ದಾರಿಗೆ ಲೇಡಿ ಜಮಶೇಟ್ಜಿ ರೋಡ್ ಅಂತಲೇ ಹೆಸರು. ನಮ್ಮ ಮುಂಬಯಿ ಕನ್ನಡಿಗರ ಕರ್ನಾಟಕ ಸಂಘ, ಮಾಟುಂಗಾದ ಮೈಸೂರು ಅಸೋಸಿಯೇಶನ್ ಎಲ್ಲ ಆ ಕಡೆಯವೇ. ನಿಜವಾದ ಪಾರ್ಸಿ ಹೆಣ್ಣುಮಗಳು ಒಂದೂರಿಂದ ಇನ್ನೊಂದೂರಿಗೆ ಜನ ದಾಟಲು ದಾರಿ ಕಟ್ಟಿಸಿದಳು. ಕತೆಯ ಪಾರ್ಸಿ ಹೆಣ್ಣುಮಗಳಿಗೆ ತನ್ನೂರಿಗೆ ಹೋಗಲು ದಾರಿ ಸಿಗಲಿಲ್ಲ. ಟಿ.ವಿ. ಚಿತ್ರದವರು ಅವಳನ್ನು ರಾಜಕುಮಾರಿ ಔದಾ ಎಂದೇ ಕರೆದು ಮುಗಿಸಿದರು. ರಾಜಕುಮಾರಿ ಎಂದುಬಿಟ್ಟರೆ ಊರು ಕೇಳುವ ಹಾಗಿಲ್ಲ ನೋಡಿ, ಅವರಿಗೆ ಅರಮನೆಯೇ ಊರು.

ಹೊರನಾಡಿನ ಕನ್ನಡಿಗರ ಮನೆಗಳಲ್ಲಿ ಇಂಥ ಔದಾಗಳು ಎಷ್ಟಿಲ್ಲ! ನಮ್ಮ ವಲಸೆಯ ಕತೆಗಳನ್ನೆಲ್ಲ ಗಂಡಸರ ಬಾಯಿಂದಲೇ ಕೇಳಿದ್ದೇವೆ. ಹೋಟೆಲಿನಲ್ಲಿ ಲೋಟ ತೊಳೆದೆ, ರಾತ್ರಿ ಶಾಲೆಯಲ್ಲಿ ಕಲಿತೆ, ಮುಂದೆ ಬಂದೆ ಅಂತ. ಅದು ದೊಡ್ಡ ಕತೆಯೇ, ಅಲ್ಲಗಳೆಯುವುದಿಲ್ಲ. ಆದರೆ ಅವನ ಹಿಂದೆ ಮದುವೆಯಾಗಿ ಬಂದವಳ ಪಂದ್ಯ ಯಾವುದಿತ್ತು? ನನ್ನ ಸರ್ವಿಸಿನಲ್ಲಿ ಹುಬ್ಬಳ್ಳಿ, ಸಾಂಗ್ಲಿ, ಪುಣೆ, ಹೈದರಾಬಾದು, ಮತ್ತೆ ಪುಣೆ, ಕೊನೆಗೆ ಮುಂಬಯಿ ಅಂತ ಆರು ಕಡೆ ಸಂಸಾರ ಹೂಡಿದೆವು. ನನಗೆ ಟ್ರಾನ್ಸ್‌ಫರ್ ಆರ್ಡರ್ ಬರುತ್ತಿತ್ತು, ಜಾಯ್ನಿಂಗ್ ಟೈಮು ಸಿಗುತ್ತಿತ್ತು, ಟಿ.ಎ. ಬಿಲ್ಲು ಪಾಸಾಗುತ್ತಿತ್ತು. ಹೊಸ ಊರಲ್ಲೂ ಅದೇ ಲೆಡ್ಜರು, ಅದೇ ವೋಚರು, ಅದೇ ಬ್ಯಾಂಕಿನ ಬೋರ್ಡು. ಅವಳಿಗೆ ಮಾತ್ರ ಎಲ್ಲವೂ ಹೊಸದು: ನೀರು ಬರುವ ಹೊತ್ತು, ಹಾಲಿನವನ ಭಾಷೆ, ಕಾಯಿಪಲ್ಲೆಯ ಹೆಸರು, ಪಕ್ಕದ ಮನೆಯವರ ಮಡಿ. ಆ ಬಿಲ್ಲಿನಲ್ಲಿ ಸಾಮಾನು ಎಷ್ಟು ಕಿಲೋ ಅಂತ ಬರೆಯಲು ಕಾಲಮ್ ಇತ್ತು. ಇದಕ್ಕೆ ಕಾಲಮ್ ಇರಲಿಲ್ಲ. 1997ರಲ್ಲಿ ನಾಗತಿಹಳ್ಳಿ ಚಂದ್ರಶೇಖರ ಅವರ 'ಅಮೇರಿಕಾ ಅಮೇರಿಕಾ' ಬಂದಾಗ ಇಲ್ಲಿಯ ಹೆಣ್ಣುಮಕ್ಕಳು ಅಷ್ಟು ಮುಗಿಬಿದ್ದು ನೋಡಿದ್ದು ಹಾಡಿಗಾಗಿ ಮಾತ್ರ ಅಲ್ಲ ಅಂತ ನನಗೆ ಆಗಲೇ ಅನ್ನಿಸಿತ್ತು. ಗಂಡನ ಹಿಂದೆ ಭೂಮಿ ಬಿಟ್ಟು ಹೋದ ಅದರ ನಾಯಕಿಯ ಹೆಸರೇ ಭೂಮಿ.

ಹಾಂಕಾಂಗಿನ ಆ ಪ್ರಸಂಗ ನನ್ನನ್ನು ತಟ್ಟಿದ್ದಕ್ಕೆ ಇನ್ನೊಂದು ಕಾರಣ ಇದೆ. ದಾದರಿನ ಹತ್ತಿರದ ಶಾಖೆಯಲ್ಲಿದ್ದಾಗ, ವ್ಯವಹಾರ ನಿಂತುಹೋದ ಉಳಿತಾಯ ಖಾತೆಗಳ ಯಜಮಾನರಿಗೆ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎರಡು ವರ್ಷ ಜಮೆ-ಖರ್ಚು ಇಲ್ಲದಿದ್ದರೆ ಖಾತೆ ಮಲಗಿತು ಅಂತ ಅರ್ಥ. ಈಗ, 2014ರ ನಿಯಮದ ಮೇಲೆ, ಹತ್ತು ವರ್ಷ ಕೇಳುವವರಿಲ್ಲದ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ನಮ್ಮ ಪತ್ರಗಳಲ್ಲಿ ಬಹಳಷ್ಟು ಕುಂದಾಪುರ, ಕಾರ್ಕಳದ ಕಡೆಯ ಹೋಟೆಲ್ ಹುಡುಗರ ಹೆಸರಿಗೆ ಇರುತ್ತಿದ್ದವು. ವಿಳಾಸ ಅವರು ಕೆಲಸ ಮಾಡುತ್ತಿದ್ದ ಹೋಟೆಲಿನದೇ. 'ಸ್ಥಳ ಬಿಟ್ಟು ಹೋಗಿದ್ದಾರೆ' ಅಂತ ಅಂಚೆಯವನ ಷರಾ ಹೊತ್ತು ಪತ್ರ ಮರಳಿ ಬರುತ್ತಿತ್ತು. ಒಂದು ಖಾತೆಯಲ್ಲಿ ನಾನೂರ ಚಿಲ್ಲರೆ, ಇನ್ನೊಂದರಲ್ಲಿ ಎರಡು ಸಾವಿರ. ಎಲ್ಲಿಗೆ ಹೋದರು? ಊರಿಗೋ, ಇನ್ನೊಂದು ಹೋಟೆಲಿಗೋ? ಔದಾ ಹುಡುಕಿಕೊಂಡು ಹೋದ ಬಂಧುವಿನ ಬಾಗಿಲಿನ ಮೇಲೂ ಅದೇ ಷರಾ ಇತ್ತು. ವಲಸೆ ಹೋದವರ ವಿಳಾಸವನ್ನು ನಂಬಿ ವಲಸೆ ಹೊರಟವರ ಪಾಡು ಅದು.

ಇನ್ನು ಆ ಪ್ರಸಿದ್ಧ ಕೊನೆ. ತಡವಾಗಿ ಬಂದೆ, ಸೋತೆ ಅಂತ ಫಾಗ್ ಕೋಣೆ ಸೇರಿಬಿಡುತ್ತಾನೆ. ಆಗ ಬಾಯಿ ಬಿಟ್ಟು ಮದುವೆಯ ಮಾತು ಎತ್ತುವವಳು ಔದಾ, ಅವನಲ್ಲ. 1872-73ರ ಪುಸ್ತಕದಲ್ಲಿ, ನೆನಪಿಡಿ. ಮದುವೆ ಗೊತ್ತು ಮಾಡಲು ಪಾದ್ರಿಯ ಮನೆಗೆ ಓಡಿದ ಆಳಿಗೆ ಅಲ್ಲಿ ಗೊತ್ತಾಗುತ್ತದೆ, ಇವತ್ತು ಭಾನುವಾರವಲ್ಲ ಶನಿವಾರ ಅಂತ. ಪೂರ್ವಕ್ಕೆ ಹೋಗುವವನು ಒಂದೊಂದು ಡಿಗ್ರಿ ದಾಟಿದಾಗಲೂ ನಾಲ್ಕು ನಿಮಿಷ ಗಳಿಸುತ್ತಾನೆ. 360 ಡಿಗ್ರಿಗೆ 1,440 ನಿಮಿಷ, ಅಂದರೆ ಪೂರಾ ಒಂದು ದಿನ. ಅವಳು ಕೇಳದೇ ಹೋಗಿದ್ದರೆ ಪಾದ್ರಿಯ ಮನೆಗೆ ಯಾರೂ ಹೋಗುತ್ತಿರಲಿಲ್ಲ, ಆ ದಿನ ಸುಮ್ಮನೆ ಕಳೆದುಹೋಗುತ್ತಿತ್ತು, ಪಂದ್ಯವೂ ಹೋಗುತ್ತಿತ್ತು. ಗೆದ್ದವನು ಅವನು ಅಂತ ಲೋಕ ಹೇಳುತ್ತದೆ. ಗೆಲ್ಲಿಸಿದವಳು ಅವಳು.

ಈ ಭಾಗದಲ್ಲಿ ನನಗೆ ಬಹಳ ಇಷ್ಟವಾದದ್ದು ಪಾಸ್‌ಪಾರ್ಟೂನ ಗಡಿಯಾರ. ಅದು ಅವನ ಮುತ್ತಜ್ಜನ ಕಾಲದ್ದು. ಯಾವ ದೇಶಕ್ಕೆ ಹೋದರೂ ಅದರ ಮುಳ್ಳು ತಿರುಗಿಸಲು ಅವನು ಒಪ್ಪುವುದಿಲ್ಲ, ಲಂಡನ್ ಟೈಮೇ ಟೈಮು. ಈ ಹಟ ಮುಂಬಯಿಗೆ ಹೊಸದಲ್ಲ. ದೇಶಕ್ಕೆಲ್ಲ 1906ರಲ್ಲಿ ಒಂದೇ ಸಮಯ ಬಂದ ಮೇಲೂ ಈ ಊರು 39 ನಿಮಿಷ ಹಿಂದಿನ ತನ್ನದೇ 'ಬಾಂಬೆ ಟೈಮ್' ಅನ್ನು 1955ರವರೆಗೂ ಬಿಟ್ಟುಕೊಡಲಿಲ್ಲ. ನಾವು ಹೊರನಾಡಿನವರು ಕೂಡ ಅಂಥದೇ ಒಂದು ಗಡಿಯಾರ ಇಟ್ಟುಕೊಂಡಿರುತ್ತೇವೆ. ನಾವು ಬಿಟ್ಟ ದಿನದ ಊರು ಅದರಲ್ಲಿ ನಿಂತಿರುತ್ತದೆ. ಸುಭಾಸ ರೋಡಿನಲ್ಲಿ ಇಂಥ ಅಂಗಡಿ, ಲೈನ್ ಬಜಾರಿನಲ್ಲಿ ಪೇಡೆಗೆ ಇಷ್ಟು ರೇಟು ಅಂತ ಈಗಲೂ ಹೇಳುತ್ತೇವೆ. ಪಾಸ್‌ಪಾರ್ಟೂನ ಗಡಿಯಾರ ಲಂಡನ್ನಿಗೆ ಬಂದು ಮುಟ್ಟಿದ ಕೂಡಲೇ ತಾನಾಗಿ ಸರಿಯಾಯಿತು. ನಮ್ಮದು ಹಾಗೆ ಸರಿಯಾಗುವುದಿಲ್ಲ. ನಾವು ಸುತ್ತುತ್ತಿದ್ದಾಗ ಲಂಡನ್ ಕೂಡ ಸುತ್ತುತ್ತಿತ್ತಲ್ಲ. ರಿಟೈರಾದ ಮೇಲೆ ಧಾರವಾಡಕ್ಕೆ ಹೋಗಿ ಇರೋಣ ಅಂತ ನಾನು ಎತ್ತಿದ ಮಾತಿಗೆ ನಮ್ಮಾಕೆ ಕೊಟ್ಟ ಉತ್ತರ, "ಇದು ಏಳನೇ ಊರು ಆಗ್ತದ್ರಿ, ನೋಡ್ರಿ ಮತ್ತ." ಅವಳು ಹುಟ್ಟಿ ಬೆಳೆದ ಊರನ್ನೇ ಏಳನೆಯದು ಅಂತ ಎಣಿಸಿದ್ದಳು. ಮಾತು ಅಲ್ಲಿಗೆ ನಿಂತಿದೆ, ತೀರ್ಮಾನ ಇನ್ನೂ ಆಗಿಲ್ಲ.

ಈ ಕತೆಯ ಆಮೇಲಿನ ಅವತಾರಗಳನ್ನೂ ಒಂದು ಮಾತಿನಲ್ಲಿ ಹೇಳಬೇಕು. 2004ರಲ್ಲಿ ಜಾಕಿ ಚಾನ್ ಮಾಡಿದ ಸಿನಿಮಾದಲ್ಲಿ ಔದಾ ಮಾಯ, ಅವಳ ಜಾಗಕ್ಕೆ ಒಬ್ಬ ಫ್ರೆಂಚ್ ಚಿತ್ರಗಾರ್ತಿ ಬಂದಳು. 2021ರಲ್ಲಿ ಬಿ.ಬಿ.ಸಿ. ತೋರಿಸಿದ, ಡೇವಿಡ್ ಟೆನಂಟ್ ನಟಿಸಿದ ಎಂಟು ಕಂತಿನ ಧಾರಾವಾಹಿಯಲ್ಲಿ ಔದಾ ಭಾರತದ ಕಂತಿನಲ್ಲಿ ಬಂದು, ಫಾಗನ ಜತೆ ಹೊರಡದೆ ತನ್ನ ಜನರ ನಡುವೆ ಉಳಿಯುತ್ತಾಳೆ. ಸತಿ, ಚಿತೆ, ಬಿಳಿಯ ಸಾಹೇಬ ಬಂದು ಉಳಿಸುವುದು, ಇವೆಲ್ಲ ಈಗಿನ ಕಾಲಕ್ಕೆ ಮುಜುಗರ ಅಂತ ತೆಗೆದದ್ದು ಸರಿಯೇ. ಆದರೆ ಮುಜುಗರದ ಜತೆಗೆ ಅವಳ ಪಯಣವೂ ಹೋಯಿತು. ಸೀದಾ ಪ್ರೇಮಕತೆಯಾಗಿ, ಅವಳನ್ನು ಕೊನೆಯವರೆಗೂ ಹಡಗಿನಲ್ಲಿ ಉಳಿಸಿಕೊಂಡು, ಮುಖಕ್ಕೆ ಬೆಳಕು ಬಿಟ್ಟದ್ದು 1989ರ ಈ ಟಿ.ವಿ. ಚಿತ್ರವೇ. ಅದಕ್ಕಾಗಿ ಬಲೂನನ್ನೂ ಜೆಸ್ಸಿ ಜೇಮ್ಸನನ್ನೂ ಕ್ಷಮಿಸಬಹುದು.

ಆದರೆ ಎಲ್ಲ ಅವತಾರಗಳೂ ಮದುವೆಯ ಹತ್ತಿರ ಮುಗಿದುಬಿಡುತ್ತವೆ, ಪುಸ್ತಕವೂ ಅಷ್ಟೇ. ಸವಿಲ್ ರೋ ರಸ್ತೆಯ 7ನೇ ನಂಬರಿನ ಆ ಮನೆಯಲ್ಲಿ ಅವಳು ಮೊದಲ ಚಳಿಗಾಲ ಹೇಗೆ ಕಳೆದಳು, ಉಣ್ಣಲಿಕ್ಕೆ ಏನು ಸಿಕ್ಕಿತು, ಗುಜರಾತಿ ಮಾತು ಯಾರ ಜತೆ ಆಡಿದಳು, ಹಾಲೆಂಡಿನ ಆ ಬಂಧುವಿಗೆ ಒಂದು ಪತ್ರವನ್ನಾದರೂ ಬರೆದಳೋ ಇಲ್ಲವೋ, ಯಾರಿಗೂ ಬೇಕಾಗಿಲ್ಲ. ಎಂಬತ್ತು ದಿನದ ಲೆಕ್ಕ ಎಲ್ಲರೂ ಇಟ್ಟರು. ಎಂಬತ್ತೊಂದನೆಯ ದಿನದಿಂದ ಅವಳ ಲೆಕ್ಕ ಶುರುವಾಗುತ್ತದೆ. ಅದನ್ನು ಯಾರಾದರೂ ಬರೆದರೆ, ಟಿ.ವಿ.ಗೆ ಮಾಡಿದರೆ, ನಾನು ಮತ್ತೆ ಮೂರು ರಾತ್ರಿ ಕೂತು ನೋಡುತ್ತೇನೆ. ಊರಿನಲ್ಲಿರುವ ನೀವು ಈ ಚಿತ್ರ ನೋಡುವ ಸಂದರ್ಭ ಬಂದರೆ ಮನೆಯ ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡು ನೋಡಿ. ಮದುವೆಯಾಗಿ ಬೇರೆ ಊರಿನಿಂದ ನಿಮ್ಮ ಮನೆಗೆ ಬಂದವರು ಯಾರಾದರೂ ಇದ್ದರೆ ಅವರನ್ನು ಖಂಡಿತ ಕೂಡಿಸಿ, ಹಾಂಕಾಂಗಿನ ಪ್ರಸಂಗ ಬಂದಾಗ ಅವರು ಏನನ್ನುತ್ತಾರೆ ಕೇಳಿ.